ಮಲಗಿದ್ದ ಗಂಗಮ್ಮನಿಗೆ ಜಪಾನಿನ ಚಪ್ಪಾಳೆ

ಗುಡಿಯ ಮುಚ್ಚಿದ ಬಾಗಿಲ ಮುಂದೆ ಆ ಜಪಾನಿ ಎಂಜಿನಿಯರ್ ಸೊಂಟ ಬಗ್ಗಿಸಿ ಎರಡು ಸಲ ವಂದಿಸಿ, ಜೋರಾಗಿ ಎರಡು ಚಪ್ಪಾಳೆ ತಟ್ಟಿದರು. ಜಗಲಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಪೂಜಾರಿ ಮುನಿಯಮ್ಮಜ್ಜಿ ದಡಬಡಿಸಿ ಎದ್ದು ಬಂದಳು.

“ಅಯ್ಯೋ ಸಾಮಿ, ಇಂಗ್ಯಾಕೆ ಸದ್ದು ಮಾಡ್ತೀರಾ? ಅಮ್ಮ ಮಲಗವ್ಳೆ! ಸಾಯಂಕಾಲ ಬನ್ನಿ.”

ಇದು ಅರವತ್ತರ ದಶಕದ ಮಾತು. ಅವರನ್ನು ಆಂಡರ್ಸನ್‌ಪೇಟೆಯ ಗಂಗಮ್ಮನ ಗುಡಿಗೆ ಕರೆತಂದವನು ನಾನು, ಚಿನ್ನದ ಗಣಿ ಕಚೇರಿಯ ಗುಮಾಸ್ತ. ಬೆಳಿಗ್ಗೆ ನಮ್ಮ ಗಣಿಗೆ ಇಳಿದು ಕ್ಷೇಮವಾಗಿ ಮೇಲೆ ಬಂದಿದ್ದ ಅವರು, ಈ ನೆಲದ ದೇವರಿಗೆ ವಂದಿಸದೆ ಹೊರಡುವುದಿಲ್ಲ ಎಂದಿದ್ದರು. ತೊಟ್ಟಿಯ ನೀರಿನಲ್ಲಿ ಕೈ ತೊಳೆದು ಬಾಯಿ ಮುಕ್ಕಳಿಸಿಯೇ ಬಾಗಿಲಿಗೆ ಬಂದಿದ್ದರು. ಅವರೂರಿನ ಪುರಾತನ ಶಿಂಟೋ ಗುಡಿಯಲ್ಲಿ ಗಣಿ ಕೆಲಸದವರೆಲ್ಲ ಹೀಗೇ ಚಪ್ಪಾಳೆ ತಟ್ಟಿ, ತಾವು ಬಂದಿದ್ದೇವೆಂದು ದೇವರಿಗೆ ತಿಳಿಸುತ್ತಾರಂತೆ.

ಅಜ್ಜಿಯ ಮಾತನ್ನು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಅವರ ಮುಖ ಕೆಂಪಾಯಿತು. ಮಗು ಮಲಗಿದ ತೊಟ್ಟಿಲ ಪಕ್ಕದಿಂದ ಸರಿಯುವವರಂತೆ ತುದಿಗಾಲಲ್ಲಿ ಹಿಂದೆ ಬಂದು, ಬೇವಿನ ಮರದಡಿ ಕುಳಿತುಬಿಟ್ಟರು. ಬಂಗಾರಪೇಟೆಯಲ್ಲಿ ರೈಲು ತಪ್ಪುತ್ತದೆಂದು ನಾನು ಎಷ್ಟು ಹೇಳಿದರೂ ಏಳಲಿಲ್ಲ. ರೈಲು ತಪ್ಪಿಯೇ ತಪ್ಪಿತು.

ಬಿಸಿಲು ಇಳಿದ ಮೇಲೆ ಅಜ್ಜಿ ಬೀಗದ ಕೈ ಹಿಡಿದು ಬಂದವಳು, ಬಾಗಿಲು ತೆಗೆಯದೆ ಅವರನ್ನು ಹತ್ತಿರ ಕರೆದಳು. “ಊಂ, ಈಗ ತಟ್ಟಿ ಸಾಮಿ. ನೀವೇ ಎಬ್ರಿಸಿ.”

ಅವರು ಮತ್ತೆಂದೂ ನಮ್ಮೂರಿಗೆ ಬರಲಿಲ್ಲ. ಆದರೆ ಮುನಿಯಮ್ಮಜ್ಜಿ ಇರುವವರೆಗೂ, ಪ್ರತಿ ಸಂಜೆ ಗಂಗಮ್ಮನ ಬಾಗಿಲು ತೆರೆಯುವ ಮುಂಚೆ ನಮ್ಮ ಬೀದಿಗೆಲ್ಲ ಎರಡು ಚಪ್ಪಾಳೆ ಕೇಳಿಸುತ್ತಿತ್ತು.