ಹೇರು ಹೊರದ ಹೇಸರಗತ್ತೆ

ಮುಂಡಗೋಡದ ಸಂತೆಯಲ್ಲಿ ತಮ್ಮ ಸರಕನ್ನು ತಾವೇ ಹೊಗಳಿ ಕೆಟ್ಟವರು ಬಹಳ ಮಂದಿ. ಲಂಬಾಣಿ ತಾಂಡಾದ ಲಚ್ಚಪ್ಪನೂ ಕೆಟ್ಟದ್ದು ಹಾಗೆಯೇ. ಅವನು ಹೊಗಳಿಕೊಂಡ ಸರಕು ಮಾತ್ರ ಅವನೇ.

ಅವನು ಮಿಲಿಟರಿ ಸೇರಿದ್ದು ದೇಶದ ಮೇಲಿನ ಪ್ರೀತಿಗಿಂತ ಸ್ಟೇರಿಂಗಿನ ಮೇಲಿನ ಆಸೆಗೆ. ಅಲ್ಲಿ ಲಾರಿ ಕಲಿತರೆ ಮುಂದೆ ದಾಂಡೇಲಿಯಲ್ಲಿ ಮರದ ನಾಟಾ ಸಾಗಿಸುವ ಕೆಲಸ. ಹೆಂಡತಿ ಕಮಲಿಬಾಯಿಗೆ ಕೂಲಿಯಿಂದ ಬಿಡುಗಡೆ. ಅಷ್ಟರಲ್ಲಿ ಚೀನಾದ ಯುದ್ಧ ಬಂತು.

ಬಯಲಿಗೆಂದು ಕಟ್ಟಿದ ಸೈನ್ಯ ಹಿಮದ ಗುಡ್ಡದಲ್ಲಿ ಏದುಸಿರು ಬಿಟ್ಟಿತು. ಸರಕಾರ ಗುಡ್ಡಕ್ಕೇ ಬೇರೆ ಡಿವಿಜನ್ನು ಕಟ್ಟಲು ಹೊರಟಿತು. ಬಯಲಿಗೆ ಟ್ಯಾಂಕು, ಲಾರಿ. ಗುಡ್ಡಕ್ಕೆ ಹಗುರ ತೋಪು, ಹೇಸರಗತ್ತೆ. ಒಂದೇ ಅಂಗಡಿಯಲ್ಲಿ ಎರಡು ಹಂಗಾಮಿನ ಮಾಲು ಇಟ್ಟ ಹಾಗೆ.

"ಹೇರು ಕಟ್ಟಾಕ ಯಾರಿಗೆ ಬರ್ತೈತಿ?" ಎಂದು ಹಳಿಯಾಳ ಕಡೆಯ ಸುಭೇದಾರ ಮಲಕಪ್ಪ ಕೇಳಿದ.

"ನಮ್ಮಜ್ಜ ಎತ್ತಿನ ಮ್ಯಾಲ ಕಾರವಾರದ ಉಪ್ಪು ಘಟ್ಟಾ ಹತ್ತಿಸ್ಯಾನ್ರಿ!" ಎಂದುಬಿಟ್ಟ ಲಚ್ಚಪ್ಪ. ಬಡ್ತಿ ಸಿಕ್ಕೀತೆಂದು ಅವನೆಣಿಕೆ. ಸಿಕ್ಕಿದ್ದು ಹೇಸರಗತ್ತೆ.

ಕೆಲಸ ಚೆನ್ನಾಗಿ ನಡೆದದ್ದೇ ಅವನ ದುರ್ದೈವ. ತಾಂಡಾದ ಪದ್ಧತಿಯಂತೆ ಒಂದು ಮುದಿ ಹೇಸರಗತ್ತೆಯನ್ನು ಮುಂದಾಳು ಮಾಡಿದ. ಕೊರಳಿಗೆ ಗೆಜ್ಜೆ, ಬೆನ್ನು ಬರಿದು. ಮುಂದಾಳಿಗೆ ಹೇರು ಹೊರಿಸುವುದೆಂದರೆ ಅವರಲ್ಲಿ ದೇವರಿಗೆ ಒದ್ದ ಹಾಗೆ. ಉಳಿದವು ಹಗ್ಗವಿಲ್ಲದೆ ಅದರ ಹಿಂದೆ ನಡೆದವು.

ಅರವತ್ತೈದರಲ್ಲಿ ಪಾಕಿಸ್ತಾನದ ಯುದ್ಧ ಬಯಲಿಗೇ ಬಂತು. ಲಾರಿ ನಡೆಸುವವರು ಸಾಲಲಿಲ್ಲ. ಲಚ್ಚಪ್ಪ ಸುಭೇದಾರನ ಹತ್ತಿರ ಓಡಿದ.

"ಸಾಹೇಬ್ರ, ನನ್ನ ಲಾರಿಗೆ ಹಾಕ್ರಿ."

"ಎಲ್ಲಾರೂ ಬಯಲಿಗೆ ಹೋದ್ರ, ನಾಳೆ ಗುಡ್ಡದಾಗ ಜಗಳಾ ಬಂದ್ರ ಹೇರು ನಾನು ಹೊರ್ಲೇನು? ನಿನ್ನ ಸಾಲು ಕೆಡ್ಲಿ, ಅವತ್ತ ಕಳಸ್ತೇನಿ. ಹೋಗಲೇ."

ಮಲಕಪ್ಪ ಚೇಷ್ಟೆಗೆ ಆಡಿದ್ದನ್ನು ಲಚ್ಚಪ್ಪ ಗಟ್ಟಿ ಹಿಡಿದ. ದೊಡ್ಡ ಸಾಹೇಬರ ತಪಾಸಣೆಯ ದಿನ ಮುಂದಾಳಿನ ಮೇಲೇ ಹೇರು ಇಡುವುದು. ಅದು ಮೊಂಡು ಬೀಳುತ್ತದೆ, ಸಾಲು ಚೆಲ್ಲಾಪಿಲ್ಲಿ, ತನಗೆ ಲಾರಿ.

ಆ ದಿನ ಮದ್ದುಗುಂಡಿನ ಪೆಟ್ಟಿಗೆ ಎತ್ತಿ ಅದರ ಪಕ್ಕ ನಿಂತ. ಮುದಿ ಪ್ರಾಣಿ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಅವನ ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು, ಮೇಲೆ ಹೋಗಲೊಲ್ಲದು.

"ಏನ್ ಲಗ್ನದ ಮುಹೂರ್ತಾ ಕಾಯಾಕತ್ತೀಯೇನು ಲಚ್ಚ್ಯಾ? ಸಾಹೇಬ್ರು ಬಂದ್ರು!" ಎಂದು ಮಲಕಪ್ಪ ಕೂಗಿದ.

ಪೆಟ್ಟಿಗೆಯನ್ನು ಹಿಂದಿನ ಹೇಸರಗತ್ತೆಗೆ ಬಿಗಿದ. ಸಾಲು ಒಂದೂ ತಪ್ಪದೆ ಗುಡ್ಡ ಹತ್ತಿತು.

ದೊಡ್ಡ ಸಾಹೇಬರು ಬೆನ್ನು ತಟ್ಟಿದರು, ತೋಳಿಗೆ ನಾಯಕ್ ಹುದ್ದೆಯ ಪಟ್ಟಿ ಕೊಡಿಸಿದರು. ಇಂಥವನನ್ನು ಗುಡ್ಡದ ಡಿವಿಜನ್ನು ಬಿಟ್ಟು ಎಲ್ಲಿಗೂ ಕಳಿಸಕೂಡದೆಂದು ಅಪ್ಪಣೆಯನ್ನೂ ಮಾಡಿದರು.

ರಜೆಗೆ ಬಂದಾಗ ಕಮಲಿಬಾಯಿ ತೋಳಿನ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ದಾಂಡೇಲಿಗೆ ಯಾವಾಗ ಹೋಗೂಣು?"

"ಗುಡ್ಡ ಸವದ ಮ್ಯಾಲ."

ಅವಳು ಕುಡುಗೋಲು ತೆಗೆದುಕೊಂಡು ಮಂದಿಯ ಗದ್ದೆಗೆ ಹೊರಟಳು.