ಬನ್ನಿನ ಓವನ್ನಿನಲ್ಲಿ ಬೆಂದ ಮ್ಯಾನಿಫೋಲ್ಡ್

ಆ ಮನುಷ್ಯನಿಗೆ ಪಾದರಸ ಅಂತ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಇಟ್ಟವರಿಗೆ ಕಣ್ಣಿತ್ತು. ಕುಂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಊಟಕ್ಕೆ ಕೂತರೂ ಮೊಣಕಾಲು ಕುಣಿಯುತ್ತಲೇ ಇರುತ್ತದೆ. ಹೆಂಡತಿ ಒಂದು ಕೈಯಲ್ಲಿ ಬಡಿಸುತ್ತ ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಅದು ಉರುಳಿತೆಂದೇ ಲೆಕ್ಕ. ಇಂಥವನು ಹೊಟ್ಟೆಪಾಡಿಗೆ ಹಿಡಿದ ಕೆಲಸವಾದರೂ ಎಂಥದ್ದು? ಹಳೇ ಕಾರುಗಳ ತುಕ್ಕು ಹಿಡಿದ ಭಾಗಗಳನ್ನು ತಿಕ್ಕಿ, ಬಣ್ಣ ಕೊಟ್ಟು, ಕಾರ್ಖಾನೆಯಿಂದ ನಿನ್ನೆ ಬಂದವೇನೋ ಅನ್ನುವಂತೆ ಮಾಡಿಕೊಡುವುದು. ಶುರುವಿನಿಂದ ಕೊನೆಯವರೆಗೆ ತಾಳ್ಮೆಯದೇ ಕೆಲಸ. ದೇವರಿಗೂ ಒಮ್ಮೊಮ್ಮೆ ತಮಾಷೆ ಮಾಡಬೇಕು ಅನ್ನಿಸುತ್ತದೆ.

ಎಕ್ಸಾಸ್ಟ್ ಮ್ಯಾನಿಫೋಲ್ಡ್ ವಿಷಯಕ್ಕೆ ಬಂದರಂತೂ ಜನ ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಎಂಜಿನ್ನಿನ ಮಗ್ಗುಲಿಗೆ ನಾಲ್ಕು ಬೆರಳಿನ ಕೈಯ ಹಾಗೆ ಅಂಟಿಕೊಂಡಿರುವ ಎರಕದ ಕಬ್ಬಿಣ ಅದು. ಎಂಜಿನ್ನಿನ ನಾಲ್ಕು ಬಾಯಿಗಳಿಂದ ಬರುವ ಬಿಸಿ ಹೊಗೆಯನ್ನು ಒಟ್ಟುಮಾಡಿ ಒಂದು ಕೊಳವೆಗೆ ದಾಟಿಸುತ್ತದೆ. ಮಿಕ್ಕ ಕಾರೆಲ್ಲ ಕನ್ನಡಿಯಂತಿದ್ದರೂ ಬಾನೆಟ್ ಎತ್ತಿದ ಕೂಡಲೇ ಇದೊಂದು ತುಕ್ಕು ಹಿಡಿದು ಕೆಂಪಗೆ ಕೂತು ಯಜಮಾನರ ಮಾನ ಕಳೆಯುತ್ತದೆ. ಇದಕ್ಕೆ ಬಿಸಿ ತಡೆಯುವ ಬಣ್ಣವೇ ಬೇರೆ. ಆ ಬಣ್ಣ ಒಣಗಿದರೆ ಸಾಲದು, ಬೇಯಬೇಕು. ಬೇಯದಿದ್ದರೆ ಎಣ್ಣೆಗೈ ತಾಗಿದರೂ ಎದ್ದು ಬರುತ್ತದೆ. ಸಾಮಾನ್ಯವಾಗಿ ಕಾರಿಗೇ ಜೋಡಿಸಿ, ಎಂಜಿನ್ ಓಡಿಸಿ, ಪೂರ್ತಿ ಆರಲು ಬಿಟ್ಟು, ಮತ್ತೆ ಓಡಿಸಿ ನಿಧಾನಕ್ಕೆ ಬೇಯಿಸುತ್ತಾರೆ.

ಈ ಸಲದ ಕಾರು ಹಲ್ಲಿನ ಡಾಕ್ಟರಮ್ಮನದು. ಅವರ ತಂದೆ ಓಡಿಸುತ್ತಿದ್ದ ಗಾಡಿ. ನಾಡಿದ್ದು ಹಳೇ ಕಾರುಗಳ ಪ್ರದರ್ಶನ. ಎಂಜಿನ್ ಬೇರೊಂದು ವರ್ಕ್‌ಶಾಪಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ಕೂತಿತ್ತು. "ಸಂಜೆ ಬಂದು ಮ್ಯಾನಿಫೋಲ್ಡ್ ತಗೊಂಡು ಹೋಗ್ತೀನಿ, ಅಲ್ಲೇ ಜೋಡಿಸ್ತಾರೆ" ಅಂತ ಡಾಕ್ಟರಮ್ಮ ಬೆಳಿಗ್ಗೆ ಫೋನ್ ಮಾಡಿದ್ದರು. ಬೇಯದ ಬಣ್ಣ ಆ ವರ್ಕ್‌ಶಾಪಿನವರ ಜಿಡ್ಡುಗೈಗೆ ಸಿಕ್ಕರೆ ಏನಾಗುತ್ತದೆ ಅನ್ನುವುದು ಪಾದರಸನ ಕಣ್ಣಿಗೆ ಕಟ್ಟಿದಂತಿತ್ತು. ಶೆಡ್ಡಿನಿಂದ ಮನೆಗೆ, ಮನೆಯಿಂದ ಶೆಡ್ಡಿಗೆ ತಿರುಗಿದ. ಮೂರನೆಯ ಸುತ್ತಿಗೆ ಅವನ ಕಣ್ಣು ಹಿಂದಿನ ಕೋಣೆಯ ಬಾಗಿಲ ಮೇಲೆ ಬಿತ್ತು.

ಅದು ಹೆಂಡತಿಯ ಕೋಣೆ. ಅಲ್ಲಿ ಅವಳ ಓವನ್ ಇದೆ. ಅವಳು ಬನ್ನು ಮಾಡಿ ಪಕ್ಕದ ಬೀದಿಯ ಅಂಗಡಿಗೆ ಹಾಕುತ್ತಾಳೆ. ಈ ಮನೆಯಲ್ಲಿ ಅವಳದು ಅಂತ ಉಳಿದಿರುವುದು ಅದೊಂದೇ. ಮದುವೆಯಾದಾಗಿನಿಂದ ಅವಳ ಸಾಮಾನುಗಳಿಗೆಲ್ಲ ಗಂಡನ ಶೆಡ್ಡೇ ಕೊನೆಯ ಮನೆ. ಜರಡಿ ಹೋಗಿ ಮರಳು ಸೋಸಿತು. ಅಗಲದ ಪಾತ್ರೆ ಹೋಗಿ ತುಕ್ಕು ತೆಗೆಯುವ ಆಸಿಡ್ ತುಂಬಿಕೊಂಡಿತು. ಹಲ್ಲುಜ್ಜುವ ಬ್ರಷ್ಷುಗಳಂತೂ ಲೆಕ್ಕಕ್ಕಿಲ್ಲ. ಪ್ರತಿ ಸಲವೂ "ತೊಳ್ದು ಕೊಡ್ತೀನಿ ಕಣೇ" ಅನ್ನುವ ಮಾತು ಬಂದಿದೆ, ಸಾಮಾನು ಬಂದಿಲ್ಲ. ಓವನ್ ತಂದ ದಿನವೇ ಅವಳು ಹೊಸ್ತಿಲ ಮೇಲೆ ನಿಂತು ಹೇಳಿದ್ದಳು: "ಇದೊಂದನ್ನ ಮುಟ್ಟಿದ್ರೆ ನೋಡಿ ಮತ್ತೆ."

ಅವತ್ತು ಅವಳು ಹಿಟ್ಟು, ಬೆಣ್ಣೆ ತರಲು ಹೋಗಿದ್ದಳು. ಆಸ್ಪತ್ರೆಯ ಕ್ಯಾಂಟೀನಿನವರು ನಾಳೆ ಬೆಳಿಗ್ಗೆ ಬನ್ನು ಕಳಿಸಿ, ರುಚಿ ನೋಡುತ್ತೇವೆ ಅಂದಿದ್ದರು. ಒಪ್ಪಿಗೆಯಾದರೆ ದಿನವೂ ಕೆಲಸ. ಎಷ್ಟೋ ಸಲ ಅವರ ಬಾಗಿಲಿಗೆ ಅಲೆದ ಮೇಲೆ ಸಿಕ್ಕ ಮಾತು ಅದು. ಪಾದರಸನಿಗೂ ಇದು ಗೊತ್ತಿತ್ತು, ಅವಳಷ್ಟೇ ಖುಷಿಯೂ ಆಗಿತ್ತು. ಅವನು ಕೆಟ್ಟವನೇನಲ್ಲ, ಅವನ ಕೈಗೆ ಮಾತ್ರ ತಡೆಯಿಲ್ಲ.

ಬಣ್ಣದ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಏನೇನೋ ಎಚ್ಚರಿಕೆ ಬರೆದಿತ್ತು. ಅದನ್ನು ಓದುವ ವ್ಯವಧಾನವಿದ್ದಿದ್ದರೆ ಅವನನ್ನು ಪಾದರಸ ಅಂತ ಯಾಕೆ ಕರೆಯುತ್ತಿದ್ದರು? ಬನ್ನಿನ ತಟ್ಟೆಗಳನ್ನು ಹೊರಗಿಟ್ಟು, ಮ್ಯಾನಿಫೋಲ್ಡನ್ನು ಓರೆಯಾಗಿ ಒಳಗೆ ತೂರಿಸಿ, ಗುಂಡಿ ತಿರುಗಿಸಿದ. ಗಾಜಿನೊಳಗೆ ಇಣುಕಿದ. ಬೀದಿಗೆ ಹೋಗಿ ಹೆಂಡತಿ ಬಂದಳೇನೋ ನೋಡಿದ. ಮತ್ತೆ ಇಣುಕಿದ. ಬಿಸಿ ಏರಿಸಿದ, ಹೆಚ್ಚಾಯಿತೇನೋ ಅಂತ ಇಳಿಸಿದ. ಕಿಟಕಿಗಳನ್ನೆಲ್ಲ ತೆರೆದು ಟವೆಲ್ಲಿನಿಂದ ಗಾಳಿ ಬೀಸಿದ. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತು.

ಹೊರಗೆ ಬಂದ ಮ್ಯಾನಿಫೋಲ್ಡ್ ಮಾತ್ರ ಅಪರೂಪದ್ದಾಗಿತ್ತು. ಹೊಸ ಎರಕದ ಬೂದಿ ಬಣ್ಣ, ಹೊಳಪಿಲ್ಲದೆ, ಗೆರೆಯಿಲ್ಲದೆ. ಅಚ್ಚಿನ ಅಂಕಿಗಳು ಒಂದೊಂದೂ ಎದ್ದು ಕಾಣುತ್ತಿದ್ದವು. ಅದನ್ನು ಶೆಡ್ಡಿಗೆ ಸಾಗಿಸಿ, ಓವನ್ನಿನ ಒಳಗನ್ನು ಸೋಡಾಪುಡಿ ಹಾಕಿ ಒರೆಸಿದ. ಆಮೇಲೆ ವಾಸನೆ ಉಳಿದಿದೆಯೋ ಅನ್ನುವ ಅನುಮಾನ ಹತ್ತಿತು. ತನ್ನ ಮೂಗಿನ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. ಅದಕ್ಕೇ ಪಕ್ಕದ ಶೆಡ್ಡಿನ ವೆಲ್ಡರನನ್ನು ಕೂಗಿ ಕರೆದ.

ವೆಲ್ಡರ್ ಓವನ್ನಿನೊಳಗೆ ಭುಜದವರೆಗೆ ತಲೆ ಹಾಕಿ ಉಸಿರೆಳೆದ. "ಏನೂ ಇಲ್ಲ ಅಣ್ಣಾ. ಹೂವಿನ ಹಾಗಿದೆ."

"ಸರಿಯಾಗಿ ನೋಡೋ."

"ನನ್ನ ಮೂಗಿನ ಮೇಲೆ ಅನುಮಾನಾನಾ?"

ವರ್ಷಗಟ್ಟಲೆ ವೆಲ್ಡಿಂಗ್ ಹೊಗೆ ಕುಡಿದ ಮೂಗು ಅದು. ಪಾಪ, ಅದು ಸತ್ತಿರುವುದು ಅದರ ಒಡೆಯನಿಗೇ ಗೊತ್ತಿರಲಿಲ್ಲ. ಕುರುಡ ಕುರುಡನಿಗೆ ದಾರಿ ತೋರಿಸಿದ, ಇಬ್ಬರೂ ಸಮಾಧಾನವಾಗಿ ಟೀ ಕುಡಿದರು.

ಹೆಂಡತಿಗೆ ಅಂಗಳಕ್ಕೆ ಕಾಲಿಡುವಾಗಲೇ ಗೊತ್ತಾಯಿತು. ಹಿಟ್ಟಿನ ಚೀಲ ಕೆಳಗಿಟ್ಟು, ಸೆರಗಿನಿಂದ ಮೂಗು ಮುಚ್ಚಿಕೊಂಡು ಕೋಣೆಗೆ ಹೋದಳು. ಓವನ್ನಿನ ಬಾಗಿಲು ತೆರೆದು ತಕ್ಷಣ ಮುಚ್ಚಿದಳು. ವೆಲ್ಡರ್ ಅವಳ ಮುಖ ನೋಡಿದ್ದೇ "ಅತ್ತಿಗೆ, ನಂಗೊಂಚೂರು ಕೆಲ್ಸ ಇದೆ" ಅಂತ ಜಾಗ ಖಾಲಿ ಮಾಡಿದ.

"ಒರೆಸಿದ್ದೀನಿ ಕಣೇ. ವಾಸ್ನೆ ಇಲ್ಲ. ಅವನೂ ನೋಡ್ದ" ಅಂದ ಪಾದರಸ.

"ಇದ್ರಲ್ಲಿ ಇನ್ನು ತಿನ್ನೋ ವಸ್ತು ಬೇಯಿಸೋಕಾಗಲ್ಲ ರೀ. ರೋಗಿಗಳಿಗೆ ಕೊಡೋ ಬನ್ನು." ಅವಳು ಕೂಗಲಿಲ್ಲ. ಕೂಗಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. "ನಿಮಗೆ ನಿಜವಾಗ್ಲೂ ವಾಸ್ನೆ ಬರ್ತಿಲ್ವಾ?"

ಅವನು ಅಂಗಿಯ ಗುಂಡಿ ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. "ಇಲ್ಲ. ಮೂಗು ಯಾವಾಗ್ಲೋ ಹೋಯ್ತು. ಬಣ್ಣದ ಥಿನ್ನರ್ ತಿಂದುಹಾಕ್ತು."

"ಹಾಗಾದ್ರೆ ದಿನಾ ಬೆಳಿಗ್ಗೆ ಈ ಬಾಗ್ಲಲ್ಲಿ ನಿಂತು 'ಆಹಾ, ಏನು ಘಮ' ಅಂತಿದ್ರಲ್ಲ?"

"ತಟ್ಟೆ ಹೊರಗೆ ತೆಗೀತಿದ್ದ ಹಾಗೆ ನಿನ್ನ ಮುಖ ನೋಡ್ತಿದ್ದೆ. ಅದು ಅರಳಿದ್ರೆ ಬನ್ನು ಚೆನ್ನಾಗಿ ಬಂದಿದೆ ಅಂತ ಲೆಕ್ಕ."

ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಇವತ್ತು ಹಿಟ್ಟಿನ ಚೀಲದ ಮೇಲೇ ಕೂತುಬಿಟ್ಟಳು. "ಅಂಗಡಿಯವ್ರು ತಗೋತಾರೆ, ದುಡ್ಡು ಕೊಡ್ತಾರೆ, ಒಂದು ಮಾತು ಆಡಲ್ಲ. ಚೆನ್ನಾಗಿದೆ ಅಂತ ಹೇಳ್ತಿದ್ದೋರು ನೀವೊಬ್ರೇ. ಅದನ್ನ ನಂಬ್ಕೊಂಡು ಆಸ್ಪತ್ರೆ ಬಾಗ್ಲಿಗೆ ಹೋಗಿ ನಿಂತೆ ರೀ ನಾನು."

ಪಾದರಸನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. "ಎಲ್ಲಿ ನಮ್ಮ ಮ್ಯಾನಿಫೋಲ್ಡು?" ಅನ್ನುತ್ತ ಶೆಡ್ಡಿನ ಕಡೆ ತಿರುಗಿದವರ ಎದುರಿಗೆ ಹೆಂಡತಿ ಒಂದು ತಟ್ಟೆ ಹಿಡಿದು ನಿಂತಳು. ಬೆಳಿಗ್ಗೆ ಮಾಡಿದ್ದರಲ್ಲಿ ಉಳಿದ ಬನ್ನು.

"ಡಾಕ್ಟ್ರೇ, ನಿಮ್ಮ ಮೂಗು ಸರಿಯಾಗಿದೆ ತಾನೆ? ಇದನ್ನ ತಿಂದು ಇದ್ದದ್ದು ಇದ್ದ ಹಾಗೆ ಹೇಳಿ. ದಾಕ್ಷಿಣ್ಯ ಬೇಡ."

ಡಾಕ್ಟರಮ್ಮ ತಬ್ಬಿಬ್ಬಾಗಿ ಬನ್ನು ಮುರಿದರು, ಮೂಸಿದರು, ಕಚ್ಚಿದರು. ಪಾದರಸನ ಕಣ್ಣು ರೂಢಿಯಂತೆ ಹೆಂಡತಿಯ ಮುಖಕ್ಕೆ ಹೋಯಿತು. ಅಲ್ಲಿ ಏನೂ ಬರೆದಿರಲಿಲ್ಲ, ಅವಳೂ ಕಾಯುತ್ತಿದ್ದಳು.

"ಸಕ್ಕರೆ ಒಂಚೂರು ಮುಂದಾಗಿದೆ" ಅಂದರು ಡಾಕ್ಟರಮ್ಮ, ಇನ್ನೊಂದು ತುಂಡು ಬಾಯಿಗಿಟ್ಟುಕೊಳ್ಳುತ್ತ. "ಹಲ್ಲಿನ ಡಾಕ್ಟರ್ ಅಂತ ಹೇಳ್ತಿಲ್ಲ, ನಿಜವಾಗ್ಲೂ ಹೆಚ್ಚಾಯ್ತು. ಆದ್ರೆ ಎಷ್ಟು ಮೆತ್ತಗಿದೆ! ಇದೆಲ್ಲಿ ಸಿಗತ್ತೆ?"

ಹೆಂಡತಿ ತಟ್ಟೆಯನ್ನು ಅವರ ಕೈಗೇ ಕೊಟ್ಟು ಒಳಗೆ ಹೋಗಿ ಫೋನ್ ಹಚ್ಚಿದಳು. ಕಿಟಕಿ ತೆರೆದೇ ಇದ್ದದ್ದರಿಂದ ಅವಳ ಮಾತು ಅಂಗಳಕ್ಕೆ ಸ್ಪಷ್ಟವಾಗಿ ಕೇಳಿಸಿತು.

"ಕ್ಯಾಂಟೀನಾ? ನಾಳೆ ಬನ್ನು ಕಳಿಸೋಕಾಗಲ್ಲ ಸರ್... ಹೌದು, ಒಪ್ಕೊಂಡಿದ್ದೆ... ಬೇರೆಯವ್ರೂ ಕೇಳ್ತಿದ್ದಾರಾ? ಕೇಳ್ಲಿ ಸರ್, ನೀವು ಕಾಯ್ಲೇಬೇಕು ಅಂತ ನಾನು ಹೇಳೋಕಾಗತ್ತಾ? ಯಾಕಾ? ಏನಿಲ್ಲ, ನನ್ನ ಕೈಯಲ್ಲಿ ಸಕ್ಕರೆ ಸ್ವಲ್ಪ ಹೆಚ್ಚು ಬೀಳ್ತಿದೆ. ಅದನ್ನ ಸರಿಮಾಡ್ಕೊಂಡೇ ಕಳಿಸ್ತೀನಿ."

ಓವನ್ನಿನ ಮಾತನ್ನು ಅವಳು ಎತ್ತಲೇ ಇಲ್ಲ, ಗಂಡನ ಮಾತನ್ನೂ ಎತ್ತಲಿಲ್ಲ. ಡಾಕ್ಟರಮ್ಮ ಶೆಡ್ಡಿನೊಳಗಿಂದ "ಅಬ್ಬಾ, ಅಪ್ಪನ ಕಾಲದಲ್ಲೂ ಇದು ಹೀಗಿರ್ಲಿಲ್ಲ!" ಅಂತ ಕೂಗಿದರು. ಪಾದರಸನಿಗೆ ಕಿಟಕಿಯ ಕಡೆ ನೋಡುವ ಧೈರ್ಯ ಬರಲಿಲ್ಲ.