ಅಕ್ಕೋರು ಕೊರೆದ ದೊಡ್ಡ ಅಕ್ಷರ

ಅಕ್ಕೋರ ಬಲಗೈಯ ನಡುಬೆರಳಲ್ಲಿ, ಉಗುರಿನ ಪಕ್ಕಕ್ಕೆ, ಹುರಿಗಡಲೆ ಕಾಳೊಂದು ಕೂರುವಷ್ಟು ತಗ್ಗು ಇತ್ತು. ಸ್ಟೆನ್ಸಿಲ್ ಎಂಬ ಮೇಣದ ಹಾಳೆ ಕೊರೆಯುವ ಉಕ್ಕಿನ ಮೊನೆಯ ಪೆನ್ನು ವರ್ಷಗಟ್ಟಲೆ ಒತ್ತಿ ಒತ್ತಿ ಆದ ತಗ್ಗು. ತಪ್ಪು ತಿದ್ದುವ ಕೆಂಪು ದ್ರವ ಉಗುರಿನ ಸಂದಿಯಲ್ಲಿ ಒಣಗಿ ನಿಂತಿರುತ್ತಿತ್ತು. ಲೋಕಲ್ ರೈಲಿನಲ್ಲಿ ಎದುರು ಕೂತ ಹೆಂಗಸರು ಅದನ್ನು ಅರೆಬರೆ ಅಳಿಸಿದ ನೇಲ್ ಪಾಲಿಶ್ ಎಂದುಕೊಂಡು ನೋಡುತ್ತಿದ್ದರು. ಅಕ್ಕೋರು ಕೈ ಮುಚ್ಚಿಕೊಳ್ಳುತ್ತಿರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಮುಂಬೈಯ ಭಾಂಡುಪಿನಲ್ಲಿ ನಮ್ಮದೊಂದು ಸಣ್ಣ ಕನ್ನಡ ಸಂಘವಿತ್ತು. ತಿಂಗಳಿಗೊಮ್ಮೆ ಎಂಟು ಪುಟದ ಪತ್ರಿಕೆ ತರುತ್ತಿದ್ದೆವು. ಅಚ್ಚು ಹಾಕಿಸುವ ತಾಕತ್ತು ಇರಲಿಲ್ಲ. ಮೇಣದ ಹಾಳೆಯ ಮೇಲೆ ಕೈಯಿಂದಲೇ ಅಕ್ಷರ ಕೊರೆದು, ಅದನ್ನು ಸೈಕ್ಲೋಸ್ಟೈಲ್ ಯಂತ್ರಕ್ಕೆ ಸುತ್ತಿ, ಹಿಡಿ ತಿರುಗಿಸಿ ಪ್ರತಿ ತೆಗೆಯುವುದು. ನಾನು ಮೈಸೂರಿನಿಂದ ಮದುವೆಯಾಗಿ ಬಂದವಳು, ದಾದರಿನ ಬ್ಯಾಂಕೊಂದರಲ್ಲಿ ಕ್ಲರ್ಕ್. 'ಶುದ್ಧ ಕನ್ನಡ ಬರೀತಾರೆ' ಎಂದು ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಕೊರೆಯುವ ಕೆಲಸ ಅಕ್ಕೋರದು. ಬೆಳಗಾವಿ ಕಡೆಯವರು, ಮದುವೆಯಾಗಿರಲಿಲ್ಲ. ಆರು ದಿನ ಒಂದು ಕಂಪನಿಯ ಆಫೀಸಿನಲ್ಲಿ ಇಂಗ್ಲಿಷ್ ಟೈಪಿಂಗ್, ಭಾನುವಾರ ಸಂಘದ ಕನ್ನಡ. ತಾವಿದ್ದ ಚಾಳಿನ, ಅಂದರೆ ವಠಾರದ, ಮಕ್ಕಳಿಗೆ ಅಆಇಈ ಹೇಳಿಕೊಡುತ್ತಿದ್ದರಿಂದ, ಅವರ ಕಡೆ ಟೀಚರನ್ನು ಕರೆಯುವ ಹಾಗೆ, ಎಲ್ಲರಿಗೂ ಅವರು ಅಕ್ಕೋರು.

ಅವರ ಬಳಿ ಮೂರು ಅಳತೆಯ ಅಕ್ಷರಗಳಿದ್ದವು. ಸುದ್ದಿಗೆ ಸಣ್ಣದು, ತಲೆಬರಹಕ್ಕೆ ಅದರ ಎರಡರಷ್ಟು. ಎಲ್ಲಕ್ಕಿಂತ ದೊಡ್ಡದನ್ನು ಅಂಚು ಮಾತ್ರ ಕೊರೆದು ಒಳಗೆ ಒತ್ತಾಗಿ ಗೆರೆ ತುಂಬಿ ದಪ್ಪ ಮಾಡುತ್ತಿದ್ದರು. ಓರೆ ಅಕ್ಷರ ಬೇಕಾದರೆ ಕೈ ಓರೆ ಮಾಡುತ್ತಿರಲಿಲ್ಲ, ಹಾಳೆಯನ್ನೇ ತಿರುಗಿಸಿ ಇಟ್ಟುಕೊಳ್ಳುತ್ತಿದ್ದರು. ಕನ್ನಡದ ದುಂಡನೆಯ ಅಕ್ಷರಗಳು ಸ್ಟೆನ್ಸಿಲ್‌ಗೆ ಶತ್ರು. ಸೊನ್ನೆಯನ್ನು ಪೂರ್ತಿ ಸುತ್ತಿಬಿಟ್ಟರೆ ನಡುವಿನ ಮೇಣ ಉದುರಿ, ಕಾಗದದ ಮೇಲೆ ಕರೀ ಬೊಟ್ಟು ಮೂಡುತ್ತದೆ. ಅವರು ಪ್ರತಿ ಸೊನ್ನೆಯಲ್ಲೂ ಕೂದಲೆಳೆಯಷ್ಟು ಜಾಗ ಬಿಡುತ್ತಿದ್ದರು. ಓದುವವರಿಗೆ ಅದು ಕಾಣುತ್ತಲೇ ಇರಲಿಲ್ಲ.

ನನ್ನ ಮೊದಲ ಲೇಖನ ಕೊಟ್ಟಾಗ ಸಾಲಿಗೆರಡು ಪದಗಳ ಕೆಳಗೆ ಗೆರೆ ಎಳೆದಿದ್ದೆ. ಅಕ್ಕೋರು ಓದಿ ಕನ್ನಡಕ ತೆಗೆದರು.

"ತಂಗೀ, ಇಷ್ಟು ಗೀಟು ಯಾಕ ಹಾಕೀದಿ?"

"ಅವು ಮುಖ್ಯವಾದ ಮಾತುಗಳು ಅಕ್ಕೋರೆ, ಎದ್ದು ಕಾಣಲಿ ಅಂತ."

"ಹಾಳಿ ತುಂಬ ಎಲ್ಲಾರೂ ಒದರಿದ್ರ ಯಾರ ಮಾತೂ ಕೇಳಂಗಿಲ್ಲ. ಗೀಟು ತಗೀತೀನಿ. ಆಮ್ಯಾಲೆ ಯಾವ ಮಾತು ಬಿದ್ದು ಹೋಗತೈತಿ ನೋಡು, ಅದನ್ನ ತಿರುಗಿ ಬರಿ."

ನನಗೆ ಅವಮಾನವಾಯಿತು. ಬೆಳಗಾವಿ ಟೈಪಿಸ್ಟ್ ಮೈಸೂರಿನವಳಿಗೆ ಕನ್ನಡ ಕಲಿಸುವುದೇ ಎಂದುಕೊಂಡೆ. ಮನೆಗೆ ಹೋಗಿ ಗೆರೆಯಿಲ್ಲದೆ ಓದಿದರೆ ಅರ್ಧ ಲೇಖನ ಬಿದ್ದೇ ಹೋಗಿತ್ತು. ತಿರುಗಿ ಬರೆದೆ. ನಾನು ಬರೆಯಲು ಕಲಿತದ್ದು ಆ ಭಾನುವಾರ.

ಸಂಘದ ಅಧ್ಯಕ್ಷರು ದೊಡ್ಡ ಕಾಂಟ್ರಾಕ್ಟರ್. ಹಾಲ್ ಕೊಡಿಸುವವರು, ಕಾಗದ ಕೊಡಿಸುವವರು ಅವರೇ. ತಮ್ಮ ಹೆಸರು ಉಳಿದ ಪದಾಧಿಕಾರಿಗಳ ಹೆಸರಿಗಿಂತ ದೊಡ್ಡದಾಗಿರಬೇಕೆಂದು ಹೇಳಿಕಳಿಸಿದಾಗ ಅಕ್ಕೋರು ತಲೆಯೆತ್ತದೆ ಕೇಳಿದ್ದರು: "ಯಾಕ, ಅವರಿಗೆ ಕಣ್ಣು ಕಾಣಂಗಿಲ್ಲೇನು? ದೊಡ್ಡ ಅಕ್ಷರ ಇರೂದು ದೊಡ್ಡವ್ರಿಗಲ್ಲ, ಓದಾಕ ತ್ರಾಸ ಆಗೋರಿಗೆ." ನಾವೆಲ್ಲ ನಕ್ಕೆವು. ಆದರೂ ಹೆಸರನ್ನು ಅಧ್ಯಕ್ಷರು ಕೇಳಿದ ಹಾಗೇ ಕೊರೆದುಕೊಟ್ಟರು.

ಒಂದು ಮಳೆಗಾಲ ನಮ್ಮ ಸದಸ್ಯನೊಬ್ಬ ತೀರಿಕೊಂಡ. ವಿಜಾಪುರದ ಕಡೆಯವನು. ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿ ವರ್ಷವಾಗಿತ್ತು. ಕೂಲಿ ಹುಡುಕಿಕೊಂಡು ಹೋಗುತ್ತಿದ್ದವನು ಹಳಿ ದಾಟುವಾಗ ಲೋಕಲ್‌ಗೆ ಸಿಕ್ಕಿದ. ಸಂಘದ ಪ್ರತಿ ಕಾರ್ಯಕ್ರಮಕ್ಕೂ ಕುರ್ಚಿ ಹಾಕಿ, ಮುಗಿದ ಮೇಲೆ ಕುರ್ಚಿ ತೆಗೆದವನು ಅವನು. ವೇದಿಕೆಯ ಮೇಲೆ ಯಾರೂ ಅವನನ್ನು ಕರೆದಿರಲಿಲ್ಲ. ಅವನ ಹೆಂಡತಿ ಅಕ್ಕೋರ ಚಾಳಿನವಳೇ. ಅಕ್ಕೋರ ಹತ್ತಿರ ಆಗಷ್ಟೇ ಅಕ್ಷರ ಕಲಿಯುತ್ತಿದ್ದಳು. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಕೂಡಿಸಿ ಓದುವವಳು.

ಅದೇ ತಿಂಗಳು ಅಧ್ಯಕ್ಷರಿಗೆ ಮಾಟುಂಗದಲ್ಲಿ ಸನ್ಮಾನವಾಗಿತ್ತು. ಮೊದಲ ಪುಟ ಪೂರ್ತಿ ಅದಕ್ಕೇ ಎಂದು ಸಮಿತಿ ಹೇಳಿತ್ತು. ಭಾನುವಾರ ನಾನು ಬರಹಗಳನ್ನು ತೆಗೆದುಕೊಂಡು ಹೋದಾಗ ಅಕ್ಕೋರು ಎರಡೂ ಸುದ್ದಿ ಓದಿ ಪಕ್ಕಪಕ್ಕಕ್ಕೆ ಇಟ್ಟರು.

"ತಂಗೀ, ಸತ್ತವನ ಹೆಸರು ಮೊದಲನೇ ಪುಟಕ್ಕ ಹಾಕ್ತೀನಿ. ದೊಡ್ಡ ಅಕ್ಷರದಾಗ. ಅವನ ಹೆಂಡ್ತಿಗೆ ಓದಾಕ ಬರಬೇಕಲ್ಲ. ಸನ್ಮಾನ ಮೂರನೇ ಪುಟಕ್ಕ ಹೋಗಲಿ. ನೀ ಸೆಕ್ರೆಟರಿ, ನೀ ಹೂಂ ಅಂದ್ರ ಮಾಡ್ತೀನಿ."

"ಹೂಂ, ಹಾಗೇ ಮಾಡಿ ಅಕ್ಕೋರೆ," ಎಂದೆ. ಹೇಳುವಾಗ ನನಗೆ ನನ್ನ ಬಗ್ಗೆ ಹೆಮ್ಮೆಯೇ ಆಯಿತು. ಅವರ ಜೊತೆ ಕೂತು ಯಂತ್ರದ ಹಿಡಿ ತಿರುಗಿಸಿದ್ದೂ ನಾನೇ. ಉಳಿದ ಪುಟಗಳನ್ನು ಮೊದಲೇ ಕೊರೆದಾಗಿತ್ತು, ಸಂಜೆಯೊಳಗೆ ಪತ್ರಿಕೆ ಮನೆಮನೆಗೆ ಹೋಯಿತು.

ಬುಧವಾರ ತುರ್ತು ಸಭೆ. ಅಧ್ಯಕ್ಷರು ಪತ್ರಿಕೆಯನ್ನು ಮೇಜಿನ ಮೇಲೆ ಎಸೆದರು.

"ಇದೇನ್ರೀ, ಮಜಾಕ್ ನಡೆದಿದೆಯಾ? ಯಾರ ಪರ್ಮಿಷನ್ ತಗೊಂಡು ಹೀಗೆ ಮಾಡಿದ್ದು? ಸೆಕ್ರೆಟರಿ ಮೇಡಂ, ನೀವು ನೋಡಿದ್ರಾ ಇದನ್ನ?"

ಆಗ ನಾವು ಗಂಡ ಹೆಂಡತಿ, ಅತ್ತೆ, ಎರಡು ಮಕ್ಕಳು ಒಂದೇ ಖೋಲಿಯಲ್ಲಿದ್ದೆವು. ಅಧ್ಯಕ್ಷರು ಕಟ್ಟಿಸುತ್ತಿದ್ದ ಬಿಲ್ಡಿಂಗಿನ ಫ್ಲ್ಯಾಟಿಗೆ ನನ್ನ ಗಂಡ ಅರ್ಜಿ ಹಾಕಿದ್ದರು. ಫ್ಲ್ಯಾಟ್ ಯಾರಿಗೆಂಬ ಪಟ್ಟಿ ಅಧ್ಯಕ್ಷರ ಕೈಯಲ್ಲಿತ್ತು. ಇದನ್ನು ಕ್ಷಮೆಗಾಗಿ ಬರೆಯುತ್ತಿಲ್ಲ, ನಡೆದದ್ದನ್ನು ಬರೆಯುತ್ತಿದ್ದೇನೆ.

"ಇಲ್ಲ ಸರ್, ನಾನು ನೋಡಿರಲಿಲ್ಲ," ಎಂದೆ.

ಅಕ್ಕೋರು ಬಾಗಿಲ ಹತ್ತಿರದ ಕುರ್ಚಿಯಲ್ಲಿದ್ದರು. ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಎದ್ದು ನಿಂತು ಹೇಳಿದರು: "ಹೌದ್ರಿ. ನಾನ ಬರದೇನಿ. ಯಾರನ್ನೂ ಕೇಳಿಲ್ಲ."

ಎಲ್ಲ ಪ್ರತಿಗಳನ್ನೂ ವಾಪಸ್ ತಂದು, ಹೊಸದಾಗಿ ಕೊರೆಸಿ ಹಂಚಬೇಕೆಂದು ಸಭೆ ತೀರ್ಮಾನಿಸಿತು. ಹೊಸ ಸ್ಟೆನ್ಸಿಲ್ ನೀವೇ ಕೊರೆದುಕೊಡಿ, ಮುಗಿಸಿಬಿಡೋಣ ಎಂದು ಯಾರೋ ಅಕ್ಕೋರಿಗೆ ಹೇಳಿದರು. ಅವರು ಚೀಲದಿಂದ ಉಕ್ಕಿನ ಪೆನ್ನು, ಕೆಂಪು ದ್ರವದ ಸೀಸೆ ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದರು.

ಪ್ರತಿ ವಾಪಸ್ ತರುವ ಕೆಲಸ ಕಾರ್ಯದರ್ಶಿಯಾದ ನನ್ನ ಪಾಲಿಗೆ ಬಂತು. ಮರುದಿನ ಬ್ಯಾಂಕಿಗೆ ರಜೆ ಹಾಕಿ ಮನೆಮನೆ ತಿರುಗಿದೆ. ಕೊನೆಗೆ ಸತ್ತವನ ಮನೆ. ಅವನ ಹೆಂಡತಿ ಮೊದಲ ಪುಟವನ್ನು ಅಂಟು ಹಚ್ಚಿ ಗೋಡೆಗೆ ಮೆತ್ತಿದ್ದಳು. ನನ್ನನ್ನು ಕಂಡದ್ದೇ ಎರಡೂ ಕೈ ಹಿಡಿದುಕೊಂಡಳು.

"ಬಾಯಾರ, ನೀವ ದೊಡ್ಡದಾಗಿ ಹಾಕ್ರಿ ಅಂದ್ರಂತ. ನಿನ್ನಿ ರಾತ್ರಿ ಅಕ್ಕೋರು ಬಂದು ಹೇಳಿದ್ರು. ನಿಮ್ಮಿಂದ ನನ್ನ ಗಂಡನ ಹೆಸರ ನಾ ಓದೀನ್ರಿ."

ನಿನ್ನೆ ರಾತ್ರಿ ಎಂದರೆ, ಸಭೆ ಮುಗಿದ ಮೇಲೆ. ಆ ಮಾತನ್ನು ಅಕ್ಕೋರು ದೊಡ್ಡ ಮನಸ್ಸಿನಿಂದ ಹೇಳಿದರೋ, ನನಗೆ ಶಿಕ್ಷೆಯಾಗಲೆಂದು ಹೇಳಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಗೋಡೆಯ ಹಾಳೆಯನ್ನು ಮುಟ್ಟಲಿಲ್ಲ. ಆದರೆ ಬೇರೊಬ್ಬರು ಕೊರೆದ ಹೊಸ ಪತ್ರಿಕೆಯಲ್ಲಿ ಆ ಸುದ್ದಿಯನ್ನು ಕೊನೆಯ ಪುಟಕ್ಕೆ ನಾಲ್ಕು ಸಾಲಿಗೆ ಇಳಿಸಿ ಬರೆದುಕೊಟ್ಟವಳು ನಾನೇ.

ತಿಂಗಳಾದ ಮೇಲೆ ಅಕ್ಕೋರ ಮನೆಗೆ ಹೋದೆ. ಚಹಾ ಮಾಡಿಕೊಟ್ಟರು. ಅತ್ತೆಯ ಮಂಡಿನೋವು ಕೇಳಿದರು, ಮಕ್ಕಳ ಶಾಲೆ ಕೇಳಿದರು. ಕಪ್ಪು ಕೆಳಗಿಟ್ಟು, "ಅಕ್ಕೋರೆ, ಆವತ್ತು ನಾನು..." ಎಂದು ಶುರು ಮಾಡಿದೆ.

"ಬ್ಯಾಡ್ರಿ," ಎಂದರು. ಯಾವಾಗಲೂ ತಂಗಿ, ನೀ ಎನ್ನುತ್ತಿದ್ದವರು ಬಹುವಚನಕ್ಕೆ ಹೋಗಿದ್ದರು. "ನೀವು ಸುಳ್ಳ ಹೇಳಿದ್ರಿ ಅಂತ ನನಗ ಸಿಟ್ಟಿಲ್ಲ. ಮನ್ಯಾಗ ತ್ರಾಸ ಇದ್ದೋರು ಹೇಳ್ತಾರ. ನೀವು ಖರೇ ಹೇಳ್ತೀರಿ ಅಂತ ತಿಳ್ಕೊಂಡು ನಾ ಕುಂತಿದ್ನಲ್ಲ, ಅದಕ್ಕ ನನಗ ನಾಚಿಕಿ."

ನಮಗೆ ಫ್ಲ್ಯಾಟ್ ಸಿಕ್ಕಿತು. ತೊಂಬತ್ತರ ಮೊದಲ ವರ್ಷಗಳಲ್ಲಿ ದಾದರಿನ ಅಂಗಡಿಯೊಂದಕ್ಕೆ ಕನ್ನಡ ಅಕ್ಷರ ಮೂಡಿಸುವ ಕಂಪ್ಯೂಟರ್ ಬಂತು. ಪತ್ರಿಕೆ ಅಲ್ಲಿಗೆ ಹೋಯಿತು. ಅಂಗಡಿಯವನು ಗುಂಡಿ ಒತ್ತಿ, "ಬೋಲ್ಡ್ ಮಾಡ್ಲಾ ಮೇಡಂ? ಇನ್ನೂ ದೊಡ್ಡದು?" ಎಂದು ಕೇಳುತ್ತಿದ್ದ. ಸಮಿತಿಯವರೆಲ್ಲ ಅವರವರ ಹೆಸರಿಗೆ ಹೂಂ ಎನ್ನುತ್ತಿದ್ದರು. ಪುಟಗಳು ದಪ್ಪ ಅಕ್ಷರಗಳಿಂದ ಕರ್ರಗಾದವು. ನಾನು ಏನೂ ಹೇಳಲಿಲ್ಲ. ಅಷ್ಟು ಹೊತ್ತಿಗೆ ಏನೂ ಹೇಳದಿರುವುದು ನನಗೆ ಅಭ್ಯಾಸವಾಗಿತ್ತು. ಕಂಪನಿಯ ಆಫೀಸು ಮುಚ್ಚಿದಾಗ ಅಕ್ಕೋರು ಬೆಳಗಾವಿಯ ತಂಗಿಯ ಮನೆಗೆ ಹೊರಟುಹೋದರು. ಸಂಘದಿಂದ ಯಾರೂ ಸ್ಟೇಷನ್ನಿಗೆ ಹೋಗಲಿಲ್ಲ. ಹೊರಡುವ ದಿನ ಯಾವುದೆಂದು ನನಗೆ ಗೊತ್ತಿತ್ತು.

ಎರಡು ವರ್ಷದ ಮೇಲೆ ಆ ತಂಗಿಯಿಂದ ಒಂದು ಕಾರ್ಡು ಬಂತು. ಅಕ್ಕ ತೀರಿಕೊಂಡು ಮೂರು ತಿಂಗಳಾಯಿತು, ಅವಳ ಪುಸ್ತಕದಲ್ಲಿ ನಿಮ್ಮ ವಿಳಾಸ ಸಿಕ್ಕಿತು ಎಂದು ಬರೆದಿದ್ದರು. "ಮುಂಬೈಯಲ್ಲಿ ಅಷ್ಟು ವರ್ಷ ಏನು ಮಾಡಿದಳೋ, ಹೇಗಿದ್ದಳೋ, ನಮಗೆ ಒಂದು ದಿನವೂ ಹೇಳಲಿಲ್ಲ. ಕೇಳಿದರೆ ಬೇರೆ ಮಾತು ತೆಗೆಯುತ್ತಿದ್ದಳು. ತಮಗೆ ತಿಳಿದಿದ್ದರೆ ದಯವಿಟ್ಟು ಬರೆಯಿರಿ."

ಮೂರು ಸಲ ಬರೆಯಲು ಕೂತೆ. ಮೂರು ಸಲವೂ ಆ ಬುಧವಾರದ ಸಭೆಯವರೆಗೆ ಬಂದು ಹಾಳೆ ಹರಿದೆ. ಕೊನೆಗೆ, ಅವರು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದರು, ಬಹಳ ಒಳ್ಳೆಯವರು, ಅವರ ಆತ್ಮಕ್ಕೆ ಶಾಂತಿ ಸಿಗಲಿ ಎಂದು ಎರಡು ಸಾಲು ಗೀಚಿ ಕಳಿಸಿದೆ. ಆ ತಂಗಿ ಮತ್ತೆ ಬರೆಯಲಿಲ್ಲ.